ಒಂದು ಸೆಟ್ ಮುಗಿಯಿತು, ಮುಂದಿನದಕ್ಕೆ ಎಷ್ಟು ಹೊತ್ತು ಕಾಯಬೇಕು?

ಮನೆಯಲ್ಲೇ ಶಕ್ತಿ ವ್ಯಾಯಾಮ ಶುರು ಮಾಡುವವರು ಯಾವ ವ್ಯಾಯಾಮ, ಎಷ್ಟು ತೂಕ, ಎಷ್ಟು ಸಲ ಅಂತ ಎಲ್ಲವನ್ನೂ ವಿಚಾರಿಸುತ್ತಾರೆ. ಒಂದು ಸೆಟ್‌ಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಬಿಡಬೇಕು ಅಂತ ಮಾತ್ರ ಕೇಳುವುದಿಲ್ಲ. ಸೆಟ್ ಅಂದರೆ ಒಂದು ವ್ಯಾಯಾಮವನ್ನು ನಡುವೆ ನಿಲ್ಲಿಸದೆ ಮಾಡುವ ಒಂದು ಸುತ್ತು. ಜಿಮ್‌ನಲ್ಲಾದರೆ ಯಂತ್ರದ ಮೇಲೆ ಬೇರೆ ಯಾರೋ ಕೂತಿರುತ್ತಾರೆ, ಕಾಯುವುದು ತಾನಾಗಿಯೇ ಆಗುತ್ತದೆ. ಮನೆಯಲ್ಲಿ ಡಂಬಲ್ ಕಾಲ ಬುಡದಲ್ಲೇ ಇರುತ್ತದೆ. ಬೇಗ ಮುಗಿಸಿಬಿಡೋಣ ಅಂತ ಸೆಟ್ ಮೇಲೆ ಸೆಟ್ ಎಳೆಯುತ್ತೇವೆ. ಇಲ್ಲವೇ ಫೋನ್ ಕೈಗೆತ್ತಿಕೊಂಡು ಹತ್ತು ನಿಮಿಷ ಕಳೆದುಬಿಡುತ್ತೇವೆ. ಎರಡರಲ್ಲಿ ಹೊಸಬರಿಗೆ ಜಾಸ್ತಿ ನಷ್ಟ ಮಾಡುವುದು ಮೊದಲನೆಯದು.

ನಿಮಗೆ ಎಷ್ಟು ವಿರಾಮ ಬೇಕು ಅಂತ ತಿಳಿಯಲು ದುಬಾರಿ ವಾಚ್ ಏನೂ ಬೇಡ. ಎರಡನೇ ಮತ್ತು ಮೂರನೇ ಸೆಟ್‌ನಲ್ಲಿ ಎಷ್ಟು ರೆಪ್, ಅಂದರೆ ಎಷ್ಟು ಸಲ, ಬಂತು ಅಂತ ಬರೆದಿಟ್ಟರೆ ಸಾಕು, ಉತ್ತರ ಅಲ್ಲೇ ಸಿಗುತ್ತದೆ. ಅದಕ್ಕೂ ಮೊದಲು ಆ ವಿರಾಮದಲ್ಲಿ ಸ್ನಾಯುವಿನೊಳಗೆ ಏನು ನಡೆಯುತ್ತದೆ ಅಂತ ನೋಡೋಣ.

ಸ್ನಾಯುವಿನ ಲೆಕ್ಕ

ಸ್ನಾಯು ಬಿಗಿಯಾಗಲು ಬೇಕಾದ ಇಂಧನದ ಹೆಸರು ಎಟಿಪಿ. ಜೋರಾಗಿ ಬಲ ಹಾಕಿದರೆ ಸ್ನಾಯುವಿನಲ್ಲಿ ಇರುವಷ್ಟು ಎಟಿಪಿ ಕೆಲವೇ ಸೆಕೆಂಡಿಗೆ ಸಾಕಾಗುತ್ತದೆ. ಖರ್ಚಾದದ್ದನ್ನು ಥಟ್ಟನೆ ಮತ್ತೆ ತಯಾರಿಸಿಕೊಡುವುದು ಸ್ನಾಯುವಿನಲ್ಲೇ ಇರುವ ಕ್ರಿಯೇಟಿನ್ ಫಾಸ್ಫೇಟ್ ಅನ್ನುವ ಇನ್ನೊಂದು ವಸ್ತು. ಪೂರ್ತಿ ಬಲ ಹಾಕಿದರೆ ಅದೂ ಸುಮಾರು 10 ಸೆಕೆಂಡಿನಲ್ಲಿ ತಳ ಮುಟ್ಟುತ್ತಾ ಬರುತ್ತದೆ. ಆಮೇಲೆ ಸ್ನಾಯು ಗ್ಲೂಕೋಸ್ ಒಡೆದು ಕೆಲಸ ಸಾಗಿಸುತ್ತದೆ. ಸ್ನಾಯುವಿನೊಳಗೆ ಆಮ್ಲ ಏರುತ್ತದೆ, ಉರಿ ಶುರುವಾಗುತ್ತದೆ. ಹತ್ತನೇ ಪುಷ್‌ಅಪ್ ಹೊತ್ತಿಗೆ ರಟ್ಟೆಯ ಹಿಂಭಾಗ ಉರಿಯುತ್ತದಲ್ವಾ, ಅದೇ ಇದು.

ಸೆಟ್ ನಿಲ್ಲಿಸಿದ ಕೂಡಲೇ ಕ್ರಿಯೇಟಿನ್ ಫಾಸ್ಫೇಟ್ ಮತ್ತೆ ತುಂಬಿಕೊಳ್ಳಲು ಶುರುವಾಗುತ್ತದೆ. ಮೊದಲ ಅರ್ಧ ನಿಮಿಷದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವಾಪಸ್ ಬರುತ್ತದೆ. ಉಳಿದ ಅರ್ಧಕ್ಕೆ ಅವಸರವಿಲ್ಲ. ಬಹುಪಾಲು ತುಂಬಲು 3ರಿಂದ 5 ನಿಮಿಷ ಬೇಕು. ಹೊಸಬರು ಮೋಸಹೋಗುವುದು ಇಲ್ಲೇ. ಅರ್ಧ ನಿಮಿಷ ಕಳೆದರೆ ಪರವಾಗಿಲ್ಲ, ಆರಾಮಾಗಿದ್ದೇನೆ ಅನ್ನಿಸುತ್ತದೆ. ಎರಡನೇ ಸೆಟ್‌ನ ಮೊದಲ ನಾಲ್ಕೈದು ರೆಪ್ ಸಲೀಸಾಗಿ ಬರುತ್ತವೆ. ಆಮೇಲೆ ಇದ್ದಕ್ಕಿದ್ದಂತೆ ಕೈ ಸೋಲುತ್ತದೆ. ನನ್ನಲ್ಲಿ ಶಕ್ತಿಯೇ ಇಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಕಡಿಮೆ ಇದ್ದದ್ದು ಶಕ್ತಿ ಅಲ್ಲ, ಒಂದೂವರೆ ನಿಮಿಷ ಅಷ್ಟೇ.

ಮೊದಲು ವ್ಯಾಯಾಮಗಳನ್ನು ಬೇರ್ಪಡಿಸಿ

ನಿಮ್ಮ ಪಟ್ಟಿಯನ್ನು ಎದುರಿಗಿಟ್ಟುಕೊಳ್ಳಿ. ಒಂದಕ್ಕಿಂತ ಜಾಸ್ತಿ ಕೀಲು, ದೊಡ್ಡ ಸ್ನಾಯುಗಳು ಒಟ್ಟಿಗೆ ದುಡಿಯುವ ವ್ಯಾಯಾಮಗಳನ್ನು ಒಂದು ಕಡೆ ಬರೆಯಿರಿ. ಕೂತು ಏಳುವ ಸ್ಕ್ವಾಟ್, ಒಂದು ಕಾಲು ಮುಂದಿಟ್ಟು ಮಂಡಿ ಮಡಚುವ ಲಂಜ್, ಪುಷ್‌ಅಪ್, ಬಗ್ಗಿ ಡಂಬಲ್ ಎಳೆಯುವ ರೋ, ಭುಜದ ಮೇಲಕ್ಕೆ ತೂಕ ಎತ್ತುವ ಪ್ರೆಸ್ ಇವೆಲ್ಲ ಈ ಸಾಲಿಗೆ. ಇವಕ್ಕೆ 2ರಿಂದ 3 ನಿಮಿಷ ವಿರಾಮ ಇಟ್ಟುಕೊಂಡು ಶುರು ಮಾಡಿ. ಮೊಣಕೈ ಮಡಚಿ ತೂಕ ಎತ್ತುವ ಬೈಸೆಪ್ಸ್ ಕರ್ಲ್, ಹಿಮ್ಮಡಿ ಎತ್ತುವ ವ್ಯಾಯಾಮ, ಕೈ ಪಕ್ಕಕ್ಕೆ ಎತ್ತುವುದು, ಇಂಥ ಒಂದೇ ಕೀಲಿನ ಸಣ್ಣ ವ್ಯಾಯಾಮಗಳಿಗೆ 1ರಿಂದ 2 ನಿಮಿಷ ಸಾಕು. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಅನ್ನುವ ಕ್ರೀಡಾ ವೈದ್ಯಕೀಯ ಸಂಸ್ಥೆ 2009ರಲ್ಲಿ ಕೊಟ್ಟ ಸಲಹೆಯೂ ಹೆಚ್ಚುಕಡಿಮೆ ಇದೇ.

ಮೈ ಬಿಸಿ ಮಾಡಿಕೊಳ್ಳಲು ಹಗುರವಾಗಿ ಮಾಡುವ ಸೆಟ್‌ಗಳಿಗೆ ಈ ಲೆಕ್ಕ ಬೇಡ. ಅರ್ಧ ನಿಮಿಷ ಬಿಟ್ಟು ಮುಂದುವರಿಯಿರಿ.

ಗಡಿಯಾರ ಯಾವಾಗ ಶುರು?

ತೂಕ ನೆಲಕ್ಕಿಟ್ಟ ಕ್ಷಣದಿಂದ. ಬೆವರು ಒರೆಸಿಕೊಂಡು, ನೀರು ಕುಡಿದು, ಕೂತ ಮೇಲೆ ಅಲ್ಲ. ಫೋನಿನ ಟೈಮರ್ ಬಳಸುವುದಾದರೆ ಒತ್ತಿದ ಮೇಲೆ ಫೋನನ್ನು ಪರದೆ ಕೆಳಗೆ ಮಾಡಿ ದೂರ ಇಡಿ. ಸುಮ್ನೆ ಒಂದು ಮೆಸೇಜ್ ನೋಡೋಣ ಅಂತ ತೆಗೆದರೆ ಎರಡು ನಿಮಿಷ ಎಂಟಾಗುವುದು ಗೊತ್ತೇ ಆಗುವುದಿಲ್ಲ. ಸೆಕೆಂಡ್ ಮುಳ್ಳಿರುವ ಗೋಡೆ ಗಡಿಯಾರ ಇದ್ದರೆ ಅದೇ ಒಳ್ಳೆಯದು, ಅದು ಯಾರ ಮೆಸೇಜನ್ನೂ ತೋರಿಸುವುದಿಲ್ಲ.

ಆ ಎರಡು ನಿಮಿಷ ಏನು ಮಾಡಬೇಕು?

ಮೊದಲು ಉಸಿರು. ಮೂಗಿನಿಂದ ಎಳೆದು ನಿಧಾನವಾಗಿ ಬಿಡಿ. ಏದುಸಿರು ತಗ್ಗುವವರೆಗೆ ಕೋಣೆಯಲ್ಲೇ ಆಚೀಚೆ ನಡೆಯಿರಿ. ಸ್ಕ್ವಾಟ್, ಲಂಜ್ ಆದ ಮೇಲಂತೂ ಇದು ಮುಖ್ಯ. ದುಡಿದ ಕಾಲುಗಳಲ್ಲಿ ರಕ್ತನಾಳಗಳು ಹಿಗ್ಗಿರುತ್ತವೆ. ಅಲ್ಲಾಡದೆ ನಿಂತುಬಿಟ್ಟರೆ ರಕ್ತ ಕಾಲಲ್ಲೇ ತಂಗಿ ತಲೆ ಸುತ್ತಬಹುದು. ಹಾಸಿಗೆ ಮೇಲೆ ಬಿದ್ದುಕೊಂಡು ಆಮೇಲೆ ತಟ್ಟನೆ ಎದ್ದರೂ ಅಷ್ಟೇ. ಹೆಜ್ಜೆ ಹಾಕುತ್ತಿದ್ದರೆ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ.

ಬಾಯಾರಿದ್ದರೆ ಒಂದೆರಡು ಗುಟುಕು ನೀರು. ಹೊಟ್ಟೆ ತುಂಬ ಕುಡಿದು, ಮೊಣಕೈ ಊರಿ ಮೈ ನೆಟ್ಟಗೆ ಹಿಡಿಯುವ ಪ್ಲಾಂಕ್ ಮಾಡಲು ಹೋದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ದುಡಿದ ಸ್ನಾಯುವನ್ನು ನಿಮಿಷಗಟ್ಟಲೆ ಎಳೆದು ಹಿಡಿಯುವುದೂ ಈಗ ಬೇಡ. ಹಾಗೆ ಮಾಡಿದರೆ ಮುಂದಿನ ಸೆಟ್‌ಗೆ ಬಲ ಸ್ವಲ್ಪ ತಗ್ಗಬಹುದು. ಅದನ್ನು ಎಲ್ಲ ಮುಗಿದ ಮೇಲೆ ಇಟ್ಟುಕೊಳ್ಳಿ. ಕೈ ಕೊಡವಿ, ಭುಜ ಸಡಿಲಿಸಿ, ಮುಗಿಸಿದ ಸೆಟ್‌ನ ರೆಪ್ ಎಷ್ಟು ಅಂತ ಪುಸ್ತಕದಲ್ಲಿ ಬರೆಯಿರಿ. ಈ ಬರೆಯುವ ಕೆಲಸ ತಪ್ಪಿಸಬೇಡಿ.

ಪುಸ್ತಕ ಏನು ಹೇಳುತ್ತದೆ?

ಪುಷ್‌ಅಪ್ ಮೂರು ಸೆಟ್ ಮಾಡಿದಿರಿ, ನಡುವೆ 45 ಸೆಕೆಂಡ್ ಬಿಟ್ಟಿರಿ ಅಂತ ಇಟ್ಟುಕೊಳ್ಳಿ. ಪುಸ್ತಕದಲ್ಲಿ 12, 7, 4 ಅಂತಿದೆ. ಒಟ್ಟು 23. ಮೂರನೇ ಸೆಟ್‌ನಲ್ಲಿ ಸೊಂಟ ಜೋತುಬಿದ್ದಿತ್ತು, ಮೊಣಕೈ ಅರ್ಧಕ್ಕೇ ನಿಂತಿತ್ತು, ಕೊನೆಯದನ್ನು ಹೇಗೋ ಎಳೆದಿರಿ. ಮುಂದಿನ ಸಲ ಎರಡೇ ಬದಲಾವಣೆ ಮಾಡಿ. ಮೊದಲ ಸೆಟ್‌ನಲ್ಲಿ ಇನ್ನೂ ಎರಡು ಬರುತ್ತದೆ ಅನ್ನುವಾಗಲೇ, ಅಂದರೆ 10ಕ್ಕೆ ನಿಲ್ಲಿಸಿ. ವಿರಾಮವನ್ನು ಎರಡೂವರೆ ನಿಮಿಷಕ್ಕೆ ಏರಿಸಿ. ಈಗ 10, 9, 8ರ ಹತ್ತಿರ ಬಂದರೆ ಒಟ್ಟು 27. ಮೊದಲ ಸೆಟ್ ಕಡಿಮೆ ಮಾಡಿಯೂ ಒಟ್ಟು ಕೆಲಸ ಜಾಸ್ತಿಯಾಯಿತು. ಅದಕ್ಕಿಂತ ಮುಖ್ಯ, ಎಂಟಕ್ಕೆ ಎಂಟೂ ನೆಟ್ಟಗೆ ಬಂದವು. ಹೊಸಬರು ಕಲಿಯುತ್ತಿರುವುದು ಬರೀ ಶಕ್ತಿಯನ್ನಲ್ಲ, ಚಲನೆಯನ್ನೂ ಹೌದು. ಸುಸ್ತಾಗಿ ವಕ್ರವಾಗಿ ಮಾಡಿದ್ದನ್ನೂ ಮೈ ಹಾಗೇ ಕಲಿತುಬಿಡುತ್ತದೆ.

ಒಂದು ಸೆಟ್‌ನಿಂದ ಇನ್ನೊಂದಕ್ಕೆ ಒಂದೆರಡು ರೆಪ್ ಕಡಿಮೆಯಾದರೆ ವಿರಾಮ ಸರಿಯಾಗಿದೆ. ಮೂರು, ನಾಲ್ಕು, ಐದು ಹೀಗೆ ಉದುರಿದರೆ ಅರ್ಧ ನಿಮಿಷ ಸೇರಿಸಿ. ಏನೂ ಕಡಿಮೆಯಾಗದೆ ಮೂರನೇ ಸೆಟ್ ಕೂಡ ಮೊದಲಿನಷ್ಟೇ ಸುಲಭ ಅನ್ನಿಸಿದರೆ ವಿರಾಮಕ್ಕೆ ಕೈ ಹಾಕಬೇಡಿ. ತೂಕವೋ ರೆಪ್ಪೋ ಸಾಲದಾಗಿದೆ, ಅದನ್ನು ಏರಿಸಿ.

ಟೈಮರ್ ಜೊತೆಗೆ ಮೈ ಮಾತನ್ನೂ ಕೇಳಿ. ನಡುವೆ ಉಸಿರಿಗಾಗಿ ನಿಲ್ಲದೆ ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತಿದೆಯೇ? ಉರಿ ಇಳಿದಿದೆಯೇ? ಇನ್ನೊಂದು ಸೆಟ್ ನೆಟ್ಟಗೆ ಮಾಡಬಲ್ಲೆ ಅನ್ನಿಸುತ್ತಿದೆಯೇ? ಮೂರಕ್ಕೂ ಹೌದು ಅಂದರೆ ಹತ್ತು ಸೆಕೆಂಡ್ ಹಿಂದೆ ಮುಂದೆ ಆದರೂ ಚಿಂತೆಯಿಲ್ಲ. ಟೈಮರ್ ಕೂಗಿದಾಗಲೂ ಏದುಸಿರು ಇದ್ದರೆ ಇನ್ನರ್ಧ ನಿಮಿಷ ತಗೊಳ್ಳಿ, ಯಾರೂ ಅಂಕ ಕಳೆಯುವುದಿಲ್ಲ.

ಬೆವರಿನ ಭ್ರಮೆ

ವಿರಾಮ ಕಡಿಮೆ ಇದ್ದಷ್ಟೂ ಸ್ನಾಯು ಬೇಗ ಬೆಳೆಯುತ್ತದೆ ಅನ್ನುವ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. ಕಡಿಮೆ ವಿರಾಮದಲ್ಲಿ ಬೆಳವಣಿಗೆ ಹಾರ್ಮೋನ್ ಸ್ವಲ್ಪ ಹೊತ್ತು ಏರುತ್ತದೆ ಅನ್ನುವುದು ಅದಕ್ಕೆ ಆಧಾರ. ಏರುವುದು ನಿಜ, ಆದರೆ ಆ ಕ್ಷಣದ ಏರಿಕೆಯಿಂದ ಸ್ನಾಯು ಜಾಸ್ತಿ ಬೆಳೆಯುತ್ತದೆ ಅನ್ನುವುದು ಆಮೇಲಿನ ಸಂಶೋಧನೆಗಳಲ್ಲಿ ನಿಲ್ಲಲಿಲ್ಲ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲೇ ವ್ಯಾಯಾಮದ ರೂಢಿ ಇದ್ದ ಯುವಕರ ಒಂದು ಗುಂಪು 1 ನಿಮಿಷ, ಇನ್ನೊಂದು ಗುಂಪು 3 ನಿಮಿಷ ವಿರಾಮ ತೆಗೆದುಕೊಂಡು 8 ವಾರ ಒಂದೇ ವ್ಯಾಯಾಮಗಳನ್ನು ಮಾಡಿತು. ಶಕ್ತಿ ಜಾಸ್ತಿ ಗಳಿಸಿದ್ದು 3 ನಿಮಿಷದ ಗುಂಪು. ತೊಡೆಯ ಮುಂಭಾಗದ ಸ್ನಾಯು ದಪ್ಪವಾದದ್ದೂ ಅವರಲ್ಲೇ ಜಾಸ್ತಿ. ಒಂದು ಸಣ್ಣ ಅಧ್ಯಯನದಿಂದ ಎಲ್ಲ ತೀರ್ಮಾನವಾಗಿಬಿಡುವುದಿಲ್ಲ. ಆದರೂ ಸುಸ್ತನ್ನೇ ಸಾಧನೆ ಅಂದುಕೊಳ್ಳುವ ಚಾಳಿಗೆ ಅದು ಒಳ್ಳೆಯ ಪೆಟ್ಟು.

ಏದುಸಿರು ಬರಿಸುವ ವ್ಯಾಯಾಮ ಕೆಟ್ಟದ್ದೇನೂ ಅಲ್ಲ, ಹೃದಯಕ್ಕೆ ಅದೂ ಬೇಕು. ಅದನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ.

ಸಮಯ ಇಲ್ಲದವರಿಗೆ

ಮೂರು ನಿಮಿಷದಂತೆ ಕಾಯುತ್ತಾ ಕೂತರೆ ಒಂದು ಗಂಟೆ ಬೇಕಾಗುತ್ತದಲ್ಲ ಅನ್ನುವುದು ನ್ಯಾಯವಾದ ತಕರಾರು. ಅದಕ್ಕೆ ಪರಿಹಾರ ಜೋಡಿ ಮಾಡುವುದು. ತಳ್ಳುವ ಒಂದು ವ್ಯಾಯಾಮ, ಎಳೆಯುವ ಒಂದು ವ್ಯಾಯಾಮ ತಗೊಳ್ಳಿ. ಪುಷ್‌ಅಪ್ ಒಂದು ಸೆಟ್, 1 ನಿಮಿಷ ವಿರಾಮ, ರೋ ಒಂದು ಸೆಟ್, 1 ನಿಮಿಷ ವಿರಾಮ, ಮತ್ತೆ ಪುಷ್‌ಅಪ್. ರೋ ಮಾಡಲು ಅರ್ಧ ನಿಮಿಷ ಹಿಡಿದರೂ ಎದೆಯ ಸ್ನಾಯುವಿಗೆ ಎರಡೂವರೆ ನಿಮಿಷ ಸಿಕ್ಕಿತು. ನೀವು ಮಾತ್ರ ಸುಮ್ಮನೆ ಕೂರಲಿಲ್ಲ.

ಜೋಡಿ ಹಾಕುವಾಗ ಒಂದೇ ಸ್ನಾಯು ಎರಡರಲ್ಲೂ ದುಡಿಯದಂತೆ ನೋಡಿಕೊಳ್ಳಿ. ಸ್ಕ್ವಾಟ್ ಜೊತೆ ಲಂಜ್ ಬೇಡ, ಎರಡೂ ತೊಡೆಗೇ. ಭಾರವಾದ ಸ್ಕ್ವಾಟ್ ಜೊತೆ ಏನನ್ನು ಹಾಕಿದರೂ ಏದುಸಿರು ಬರುತ್ತದೆ, ಹಾಗಾಗಿ ಅದನ್ನು ಒಂಟಿಯಾಗಿಯೇ ಬಿಡುವುದು ಮೇಲು. ಎರಡೂ ವ್ಯಾಯಾಮದಲ್ಲಿ ಡಂಬಲ್ ಬಿಗಿಯಾಗಿ ಹಿಡಿಯಬೇಕಿದ್ದರೆ ಮುಂಗೈ ಮೊದಲು ಸೋಲುತ್ತದೆ. ಒಂದೊಂದೇ ಕೈಯಲ್ಲಿ ಮಾಡುವ ವ್ಯಾಯಾಮವಿದ್ದರೆ ಬಲ ಕಡಿಮೆ ಇರುವ ಕೈಯಿಂದ ಶುರು ಮಾಡಿ. ಬಲಗೈ ಬಲವಾಗಿದ್ದರೆ ಮೊದಲು ಎಡಗೈ, ಸ್ವಲ್ಪ ಉಸಿರು ತಗೊಂಡು ಬಲಗೈಗೂ ಅಷ್ಟೇ ರೆಪ್.

ವಾರ ಕಳೆದಂತೆ

ವಿರಾಮ ಒಮ್ಮೆ ಗೊತ್ತಾದ ಮೇಲೆ ಅದನ್ನು ಬದಲಿಸಬೇಡಿ. ಹೋದ ವಾರ 3 ನಿಮಿಷ ಬಿಟ್ಟು 10 ಮಾಡಿ, ಈ ವಾರ 1 ನಿಮಿಷ ಬಿಟ್ಟು 8 ಮಾಡಿದರೆ ಶಕ್ತಿ ಏರಿತೋ ಇಳಿಯಿತೋ ಹೇಳಲಾಗದು. ವಿರಾಮ ಒಂದೇ ಇದ್ದಾಗ ಮಾತ್ರ ರೆಪ್ ಏರಿದ್ದಕ್ಕೆ ಅರ್ಥ. ತೂಕ ಏರುತ್ತಾ ಹೋಗಿ, ಒಂದು ಸೆಟ್‌ಗೆ ಐದಾರು ರೆಪ್ ಮಾತ್ರ ಬರುವಷ್ಟು ಭಾರವಾದಾಗ 3ರಿಂದ 5 ನಿಮಿಷ ಬೇಕಾಗುತ್ತದೆ. ಅದು ಹಿಂದೆ ಬಿದ್ದ ಲಕ್ಷಣವಲ್ಲ.

ತೂಕ ಎತ್ತುವಾಗ ಉಸಿರು ಕಟ್ಟಿದರೆ ರಕ್ತದೊತ್ತಡ ಜಿಗಿಯುತ್ತದೆ. ಹೊಸಬರು ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಬಿಪಿ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಶುರು ಮಾಡುವ ಮೊದಲೇ ವೈದ್ಯರನ್ನು ಕೇಳಬೇಕು. ವಿರಾಮದಲ್ಲೂ ತಲೆಸುತ್ತು ಇಳಿಯದಿದ್ದರೆ ಆ ದಿನದ್ದು ಅಲ್ಲಿಗೇ ಸಾಕು. ಎದೆ ನೋವು, ಎದೆ ಬಿಗಿತ ಕಂಡರೆ ನಾಳೆ ನೋಡೋಣ ಅನ್ನದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಮನೆ ಅಂದ ಮೇಲೆ ನಡುವೆ ಬಾಗಿಲು ಬಡಿಯುತ್ತದೆ, ಮಗು ಅಳುತ್ತದೆ, ಫೋನ್ ಬರುತ್ತದೆ. ಐದಾರು ನಿಮಿಷವಾದರೆ ಏನೂ ಆಗಲಿಲ್ಲ ಅಂದುಕೊಂಡು ಮುಂದುವರಿಯಿರಿ. ಹತ್ತು ಹದಿನೈದು ನಿಮಿಷ ದಾಟಿ ಮೈ ತಣ್ಣಗಾಗಿದ್ದರೆ ಅದೇ ವ್ಯಾಯಾಮವನ್ನು ಅರ್ಧ ತೂಕದಲ್ಲಿ ಐದಾರು ಸಲ ಮಾಡಿ, ಒಂದು ನಿಮಿಷ ಬಿಟ್ಟು, ಉಳಿದ ಸೆಟ್‌ಗಳಿಗೆ ಹೋಗಿ. ಪುಸ್ತಕದಲ್ಲಿ ಆ ಸೆಟ್‌ನ ಪಕ್ಕ ಒಂದು ಗುರುತು ಹಾಕಿಡಿ. ಮುಂದಿನ ವಾರ ಹೋಲಿಸಿ ನೋಡುವಾಗ ಅದನ್ನು ಲೆಕ್ಕಕ್ಕೆ ತಗೊಳ್ಳುವುದು ಬೇಡ.