ಡ್ರೋನ್ ಕ್ಯಾಮೆರಾ ನೋಡುವಾಗ ನೆರಳಿನ ಜಾಗ ನೋಡಿ
ಮಧ್ಯಾಹ್ನದ ಬಿಸಿಲಲ್ಲಿ ತೆಗೆದ ಫೋಟೋ ನೋಡಿ ಡ್ರೋನ್ ಕೊಳ್ಳಬೇಡಿ, ಆ ಬೆಳಕಲ್ಲಿ ಎಲ್ಲಾ ಕ್ಯಾಮೆರಾನೂ ಚೆನ್ನಾಗೇ ಕಾಣುತ್ತದೆ ಅಲ್ವಾ. ಬ್ಯಾಡಗಿ ಕಡೆಯವರು ಸಂಜೆ ಬಿಸಿಲು ಇಳಿಯುವಾಗ ಕಣದಲ್ಲಿ ಒಣಹಾಕಿದ ಮೆಣಸಿನಕಾಯಿ ಮೇಲೆ ಹಾರಿಸಿ, ಐಎಸ್‌ಒ (ಸಿಕ್ಕ ಬೆಳಕನ್ನು ಎಷ್ಟು ಹೆಚ್ಚಿಸಿ ತೋರಿಸಬೇಕು ಅನ್ನುವ ಸೆಟ್ಟಿಂಗ್) 100ರಲ್ಲಿ ಒಂದು, 800ರಲ್ಲಿ ಒಂದು ಫೋಟೋ ತೆಗೆಯಿರಿ, ರಾ (ಕ್ಯಾಮೆರಾ ತಿದ್ದದ ಮೂಲ ಫೋಟೋ) ಮತ್ತು ಜೆಪೆಗ್ (ಕ್ಯಾಮೆರಾನೇ ತಿದ್ದಿ ಕೊಡುವ ಫೋಟೋ) ಎರಡೂ ಇರಲಿ, ಶಟರ್ ವೇಗ ಬದಲಿಸಿ ಬೆಳಕು ಒಂದೇ ಥರ ಬರುವ ಹಾಗೆ ನೋಡಿಕೊಳ್ಳಿ. ಆಮೇಲೆ ಕಂಪ್ಯೂಟರಲ್ಲಿ 100% ಝೂಮ್ ಮಾಡಿ. ಮೊಬೈಲಲ್ಲಿ ಗೊತ್ತಾಗಲ್ಲ. ರಾ ಫೋಟೋದ ನೆರಳಲ್ಲಿ ಕಾಳು ಕಾಳಾಗಿ ಕಾಣುವುದೇ ನಾಯ್ಸ್, ಸ್ವಲ್ಪ ಇದ್ದರೆ ಚಿಂತೆಯಿಲ್ಲ. ಆದರೆ ಜೆಪೆಗ್‌ನಲ್ಲಿ ಆ ಕಾಳು ಒರೆಸುವ ಭರದಲ್ಲಿ ಕಾಯಿಯ ಸುಕ್ಕೆಲ್ಲ ಮಾಯವಾಗಿ ರುಬ್ಬಿದ ಚಟ್ನಿ ಥರ ಕಂಡರೆ ಆ ಕ್ಯಾಮೆರಾ ನನಗಂತೂ ಬೇಡ. ಸುಮ್ನೆ ಮೆಗಾಪಿಕ್ಸೆಲ್ ಎಣಿಸಬೇಡಿ. ಕ್ಯಾಮೆರಾ ಒಳಗೆ ಬೆಳಕು ಹಿಡಿಯುವ ಚಿಪ್ ಅಂದರೆ ಸೆನ್ಸರ್ ನೋಡಿ, 1/2.3 ಇಂಚಿನ ಸೆನ್ಸರ್‌ಗಿಂತ 1/1.3 ಇಂಚಿನದು ದೊಡ್ಡದು, ಬೆಳಕು ಜಾಸ್ತಿ ಹಿಡಿಯುತ್ತದೆ.