ಏರ್ ರೈಫಲ್ ಹೊಂದಿಸಾಕ ಕಡಿಮಿ ಖರ್ಚಿನ ಫ್ರಂಟ್ ರೆಸ್ಟ್

10 ಮೀಟರ್ ಏರ್ ರೈಫಲ್ ಸ್ಪರ್ಧೆಯೊಳಗ ನಿಂತು ಹೊಡೀಬೇಕು, ಅಲ್ಲಿ ರೆಸ್ಟ್, ಅಂದ್ರ ರೈಫಲ್ ಇಡೋ ಆಸರ, ನಡಿಯಂಗಿಲ್ಲ. ಆದ್ರ ಸೈಟ್ (ಗುರಿ ನೋಡೋ ಸಾಧನ) ಹೊಂದಿಸುವಾಗ, ಯಾವ ಪೆಲೆಟ್ (ಸಣ್ಣ ಗುಂಡು) ನಮ್ಮ ಬ್ಯಾರಲ್ಲಿಗೆ ಹೊಂದತೈತಿ ಅಂತ ನೋಡುವಾಗ ಕೈನಡುಕ ನಡುವ ಬರಬಾರದು. ಆಗ ರೈಫಲ್ಲಿನ ಮುಂದಿನ ಭಾಗ ಹೊರೋ ಫ್ರಂಟ್ ರೆಸ್ಟ್ ಬೇಕ ಬೇಕು.

ನಾ ಮೊದಲ ತರಿಸಿದ್ದು ಹಗುರಾದ ಪ್ಲಾಸ್ಟಿಕ್ ಸ್ಟ್ಯಾಂಡ್. ಪ್ರತಿ ಹೊಡೆತಕ್ಕೂ ಟೇಬಲ್ ಮ್ಯಾಲೆ ಒಂದೀಟು ಜರೀತಿತ್ತು. ಪೆಲೆಟ್ಟ ಸರಿ ಇಲ್ಲ ಅಂತ ಎರಡು ವಾರ ಡಬ್ಬಿ ಬದಲಿಸಿದೆ. ಅದಕ್ಕ ಮೊದಲ ತೂಕ ನೋಡ್ರಿ, ಐದು ಕಿಲೋ ಆದ್ರೂ ಇರಲಿ.

ಆಮ್ಯಾಲೆ ಎತ್ತರ ಏರಿಸೋ ಸ್ಕ್ರೂ. ಇದನ್ನ ಭಾಳ ಮಂದಿ ವಿಚಾರಿಸಂಗಿಲ್ಲ. ಸಾದಾ 10 ಎಂಎಂ ಬೋಲ್ಟ್ ಒಂದು ಸುತ್ತಿಗೆ 1.5 ಮಿ.ಮೀ. ಏರತೈತಿ. ರೆಸ್ಟಿಗೂ ರೈಫಲ್ಲಿನ ಹಿಂಭಾಗದ ಕೆಳಗಿಡೋ ಚೀಲಕ್ಕೂ 60 ಸೆಂ.ಮೀ. ಅಂತರ ಇದ್ರ, 10 ಮೀಟರ್ ದೂರದಾಗ ಅದು 25 ಮಿ.ಮೀ. ಆತು. ಇಡೀ ಗುರಿಯ ಅಗಲನ 45.5 ಮಿ.ಮೀ., ಹತ್ತು ಅಂಕದ ಚುಕ್ಕಿ ಬರೇ ಅರ್ಧ ಮಿ.ಮೀ. ಅದಕ್ಕ 1 ಮಿ.ಮೀ. ಪಿಚ್ಚಿನ (ಒಂದು ಸುತ್ತಿಗೆ 1 ಮಿ.ಮೀ. ಏರೋ) ಫೈನ್ ಥ್ರೆಡ್ ಕೇಳ್ರಿ, ತಿರುಗಿಸೋ ಗುಂಡಿ ಅಂಗೈ ಅಗಲ ಇರಲಿ.

ನಾ ಕಡೀಕ ಹುಬ್ಬಳ್ಳಿ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಾಗ ಒಂದು ಲೇಥ್ ಅಂಗಡಿಯೊಳಗ ಮಾಡಿಸಿದೆ. 12 ಎಂಎಂ ದಪ್ಪನ ಕಬ್ಬಿಣದ ಪ್ಲೇಟು, 30 ಸೆಂ.ಮೀ. ಬಾಜುವಿನ ತ್ರಿಕೋನ, ಕಾಲಿಗಂತ ಮೂಲಿಗೊಂದು ಬೋಲ್ಟು. ನಾಕು ಕಾಲು ಬ್ಯಾಡ. ಟೇಬಲ್ ಸಮ ಇಲ್ಲಂದ್ರ ಒಂದು ಕಾಲು ಅಲ್ಲಾಡತೈತಿ, ಮೂರು ಕಾಲು ಎಲ್ಲಿಟ್ರೂ ಕೂಡ್ತಾವು.

ರೈಫಲ್ ಕೂಡೋ, ಪ್ಲೇಟಿನ ಮ್ಯಾಲಿನ ಚೀಲಕ್ಕ ಹಳೇ ಜೀನ್ಸ್ ಪ್ಯಾಂಟಿನ ಅರಿವಿ ಸಾಕು, ಎರಡು ಪದರ ಹೊಲಿಗಿ ಹಾಕಸ್ರಿ. ಮೊದಲ ಜ್ವಾಳ ತುಂಬಿದ್ದೆ. ಧಾರವಾಡದ ಮಳಿಗಾಲದಾಗ ನುಸಿ ಹತ್ತಿ ಚೀಲ ಮೆತ್ತಗಾತು. ಈಗ ಉಸುಕು ಸಾಣಿಸಿ, ತೊಳದು, ಬಿಸಿಲಿಗೆ ಪೂರಾ ಒಣಗಿಸಿ ತುಂಬೀನಿ. ರೈಫಲ್ಲಿನ ಮುಂದಿನ ಕಟ್ಟಿಗಿ ಅಗಲ ಅಳದು ಚೀಲದ ನಡುವ ತಗ್ಗು ಮಾಡ್ರಿ. ಎರಡೂ ಬಾಜು ಮುಟ್ಟಬೇಕು, ಹಿಡೀಬಾರದು. ಬ್ಯಾರಲ್ ಮಾತ್ರ ಯಾವುದಕ್ಕೂ ತಾಕಬಾರದು.

ಸ್ಪ್ರಿಂಗ್ ರೈಫಲ್ (ಸ್ಪ್ರಿಂಗಿನ ಬಲದಿಂದ ಗಾಳಿ ಒತ್ತಿ ಹೊಡಿಯೋದು) ಇದ್ದವರು ಇದನ್ನ ಲಕ್ಷ್ಯಗೊಟ್ಟು ಕೇಳ್ರಿ. ಪೆಲೆಟ್ ಬ್ಯಾರಲ್ ಬಿಡೂದರೊಳಗ ಸ್ಪ್ರಿಂಗು ರೈಫಲ್ಲನ್ನ ಅಲ್ಲಾಡಸತೈತಿ. ಗಟ್ಟಿ ರೆಸ್ಟ್ ಮ್ಯಾಲಿಟ್ರ, ಇಲ್ಲಾ ಬಿಗಿಹಿಡಿದ್ರ ಗುರಿ ಬ್ಯಾರೆ ಕಡೆ ಹೋಗತೈತಿ. ಮೆತ್ತನ ಚೀಲ ಇರಲಿ, ಕೈ ಸಡಿಲ ಇರಲಿ. ಕಟ್ಟಿಗಿ ಚೀಲದ ಮ್ಯಾಲೆ ಎಲ್ಲಿ ಕೂಡತೈತಿ ಅಲ್ಲಿ ಟೇಪ್ ಹಚ್ಚಿ ಗುರುತು ಮಾಡ್ರಿ, ಪ್ರತಿ ಹೊಡೆತಕ್ಕೂ ಅದ ಜಾಗಾಕ್ಕ ತಂದಿಡ್ರಿ.