ಕವಳಿ ಗಿಡ ಬೆಳೆಸುವುದು: ಬಿಸಿಲು ಕೊಡಿ, ನೀರು ನಿಲ್ಲಲು ಬಿಡಬೇಡಿ

ಮುಳ್ಳಿನ ಪೊದೆಯಲ್ಲಿ ಬಿಡುವ ಈ ಸಣ್ಣ ಹುಳಿ ಹಣ್ಣು ನಮ್ಮ ಶಿರಸಿ ಕಡೆ ಕವಳಿ, ತುಳುನಾಡಿನಲ್ಲಿ ಕರಂಡೆ, ಉತ್ತರದವರಿಗೆ ಕರೋಂದಾ. ಬೇಕರಿ ಕೇಕಿನ ಮೇಲೆ ಇಡುವ ಕೆಂಪು ಚೆರ್ರಿ ಎಷ್ಟೋ ಸಲ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಅದ್ದಿದ ಇದೇ ಕಾಯಿ. ಮೊದಲೆಲ್ಲ ಬ್ಯಾಣಕ್ಕೆ (ದನ ಮೇಯುವ ಹುಲ್ಲುಗಾವಲಿಗೆ) ದನ ಹೊಡೆದುಕೊಂಡು ಹೋದವರು ಬೇಸಿಗೆಯಲ್ಲಿ ಹೊಟ್ಟೆ ತುಂಬ ತಿಂದು, ಮನೆಗೂ ತರುತ್ತಿದ್ದರು. ಈಗ ಎಷ್ಟೋ ಬ್ಯಾಣಗಳಲ್ಲಿ ಅಕೇಶಿಯಾ ನಿಂತಿದೆ, ಕವಳಿ ಮಟ್ಟಿ (ಪೊದೆ) ಹುಡುಕಬೇಕು. ಅದಕ್ಕೇ ಜಾಗ ಇರುವ ಪ್ರತಿ ಮನೆಯ ಹಿತ್ತಲಲ್ಲೂ ಇದು ಒಂದೆರಡಾದರೂ ಇರಬೇಕು ಅಂತ ನನಗೆ ತುಂಬಾ ಆಸೆ.

ಜಾಗ ಸರಿಯಾಗಿ ಆರಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಅಡಿಕೆ ತೋಟದ ಒಳಗೆ ನೆಡಬೇಡಿ. ಅಲ್ಲಿ ನೆರಳು, ತಂಪು ಎರಡೂ ಜಾಸ್ತಿ. ಗಿಡ ಬದುಕಬಹುದು, ಆದರೆ ಉದ್ದಕ್ಕೆ ಬಳ್ಳಿಯ ಹಾಗೆ ಎಳೆದುಕೊಂಡು ಹೂವೇ ಬಿಡುವುದಿಲ್ಲ. ಧರೆಯ (ಕಡಿದಾದ ಮಣ್ಣುಗೋಡೆಯ) ಅಂಚು, ಅಗಳದ (ಗಡಿ ಕಂದಕದ) ಏರಿ, ಬೇರೇನೂ ಬಾರದ ಜಂಬಿಟ್ಟಿಗೆ ನೆಲ, ಇಂಥ ಕಡೆ ಇದು ಚೆನ್ನಾಗಿ ಬರುತ್ತದೆ. ದಿನದ ಹೆಚ್ಚು ಹೊತ್ತು ಬಿಸಿಲು ಬೀಳಬೇಕು. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಲ್ಲಬಾರದು. ಇನ್ನೊಂದು ಮಾತು, ಮುಳ್ಳು ಒಂದೆರಡು ಇಂಚು ಉದ್ದ, ಸೂಜಿಯಷ್ಟು ಚೂಪು. ಮಕ್ಕಳು ಓಡಾಡುವ ದಾರಿ, ಬಟ್ಟೆ ಒಣಗಿಸುವ ತಂತಿ ಇವುಗಳಿಂದ ಆರೇಳು ಅಡಿಯಾದರೂ ದೂರ ಇಡಿ. ಬೇಲಿಗೆ ಬೇಕೆಂದರೆ ಮೂರು ಅಡಿಗೊಂದು ಸಾಕು. ಎರಡು ಮೂರು ವರ್ಷದಲ್ಲಿ ಒಂದಕ್ಕೊಂದು ಹೆಣೆದುಕೊಂಡರೆ ದನ ನುಗ್ಗುವುದು ಕಷ್ಟ. ಹಣ್ಣಿಗೆ ಅಂತಾದರೆ ಎಂಟು ಅಡಿ ಅಂತರ ಬಿಡಿ.

ಕಾಡಿನ ಮಟ್ಟಿಯನ್ನು ಕಿತ್ತು ತರಬೇಡಿ. ದೊಡ್ಡ ಗಿಡದ ಬೇರು ಕಲ್ಲಿನ ಸಂದಿಯಲ್ಲಿ ಆಳಕ್ಕೆ ಇಳಿದಿರುತ್ತದೆ, ಅಗೆಯುವಾಗಲೇ ತುಂಡಾಗುತ್ತದೆ. ಅಲ್ಲೂ ಇಲ್ಲದಂತೆ, ಇಲ್ಲೂ ಇಲ್ಲದಂತೆ ಆಗುತ್ತದೆ ಅಷ್ಟೇ. ಬೀಜದಿಂದ ಮಾಡುವುದು ಸುಲಭ. ಮೇ ತಿಂಗಳಲ್ಲಿ ಪೂರ್ತಿ ಕಪ್ಪಾದ, ದೊಡ್ಡ, ಸಿಹಿ ಜಾಸ್ತಿ ಇರುವ ಹಣ್ಣು ನೋಡಿ ಆರಿಸಿಕೊಳ್ಳಿ. ಹಿಚುಕಿ, ಬೀಜಕ್ಕೆ ಬೂದಿ ಹಾಕಿ ತಿಕ್ಕಿ, ಅಂಟು ಹೋಗುವ ತನಕ ತೊಳೆಯಿರಿ. ಒಂದು ದಿನ ನೆರಳಲ್ಲಿ ಆರಿಸಿ ಕೂಡಲೇ ಬಿತ್ತಿ. ಮುಂದಿನ ವರ್ಷಕ್ಕೆ ಅಂತ ಡಬ್ಬಿಯಲ್ಲಿ ಎತ್ತಿಟ್ಟರೆ ಹುಟ್ಟುವುದಿಲ್ಲ. ಮಣ್ಣು, ಮರಳು, ಹಳೇ ಕೊಟ್ಟಿಗೆ ಗೊಬ್ಬರ ಸಮಸಮ ಬೆರೆಸಿ ಕೊಟ್ಟೆ (ಸಸಿ ಮಾಡುವ ಚೀಲ) ತುಂಬಿ, ಅರ್ಧ ಇಂಚು ಆಳಕ್ಕೆ ಬೀಜ ಹಾಕಿ. ಜೋರು ಮಳೆ ನೇರವಾಗಿ ಹೊಡೆಯದ ಕಡೆ ಇಡಿ. ಸಸಿ ನಿಧಾನ, ಅವಸರ ಮಾಡಬೇಡಿ. ಮರುವರ್ಷದ ಜೂನ್‌ಗೆ ನೆಲಕ್ಕೆ ಇಳಿಸಿ.

ಬೀಜದ ಗಿಡದ ಹಣ್ಣು ತಾಯಿಗಿಡದ ಹಾಗೇ ಇರುತ್ತದೆ ಅನ್ನುವಂತಿಲ್ಲ. ಅದೇ ರುಚಿ ಬೇಕಿದ್ದರೆ ಮಳೆಗಾಲದಲ್ಲಿ ಗೂಟಿ ಕಟ್ಟಿ, ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ಬೇರು ಬರಿಸಿ, ಆಮೇಲೆ ಕತ್ತರಿಸಿ ನೆಡುವುದು. ಪೆನ್ಸಿಲ್ ದಪ್ಪದ ಕೊಂಬೆಯಲ್ಲಿ ಒಂದು ಇಂಚು ಸುತ್ತ ಸಿಪ್ಪೆ ತೆಗೆಯಿರಿ. ಹಾಲಿನಂಥ ಸೊನೆ ಸುರಿಯುತ್ತದೆ, ಅದು ನಿಲ್ಲುವ ತನಕ ಬಟ್ಟೆಯಲ್ಲಿ ಒರೆಸಿ. ಬೇರು ಬರಿಸುವ ಪುಡಿ ಹಚ್ಚಿ, ಒದ್ದೆ ತೆಂಗಿನ ನಾರಿನ ಪುಡಿ ಇಟ್ಟು ಪ್ಲಾಸ್ಟಿಕ್ಕಿನಿಂದ ಬಿಗಿಯಾಗಿ ಸುತ್ತಿ. ಕಟ್ಟಿದ್ದೆಲ್ಲ ಬೇರು ಬಿಡುವುದಿಲ್ಲ, ಅದಕ್ಕೆ ನಾಲ್ಕೈದು ಕೊಂಬೆಗೆ ಕಟ್ಟುವುದು ಒಳ್ಳೆಯದು. ಕೊಂಡು ತರುವವರು ಮಹಾರಾಷ್ಟ್ರದ ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠದ ‘ಕೊಂಕಣ್ ಬೋಲ್ಡ್’ ತಳಿ ವಿಚಾರಿಸಿ. ಅದರ ಹಣ್ಣು ದೊಡ್ಡದು.

ಒಂದೂವರೆ ಅಡಿ ಗುಂಡಿ, ಒಂದು ಬುಟ್ಟಿ ಗೊಬ್ಬರ, ಮಣ್ಣು ಸ್ವಲ್ಪ ಏರಿಸಿ ನೆಡುವುದು, ಇಷ್ಟೇ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ನೀರು ಕೊಟ್ಟು ಬುಡಕ್ಕೆ ದರಕು (ಒಣ ತರಗೆಲೆ) ಮುಚ್ಚಿ. ಆಮೇಲೆ ಅದರ ಪಾಡಿಗೆ ಬಿಡಿ. ಪ್ರೀತಿಯಿಂದ ಯೂರಿಯಾ ಸುರಿಯುವವರು ಇದ್ದಾರೆ. ಅದರಿಂದ ಬರೀ ಎಲೆ ಬರುತ್ತದೆ.

ಕತ್ತರಿ ಹಾಕುವ ಕಾಲ ಮುಖ್ಯ. ಫೆಬ್ರವರಿ, ಮಾರ್ಚ್‌ನಲ್ಲಿ ಮಲ್ಲಿಗೆಯಂಥ ಬಿಳಿ ಹೂವು ಕೊಂಬೆಯ ತುದಿಯಲ್ಲಿ ಬರುತ್ತದೆ. ಡಿಸೆಂಬರ್‌ನಲ್ಲಿ ಚಂದ ಕಾಣಲಿ ಅಂತ ತುದಿ ಕತ್ತರಿಸಿದರೆ ಆ ವರ್ಷದ ಹಣ್ಣನ್ನೇ ಕತ್ತರಿಸಿದ ಹಾಗೆ. ಹಣ್ಣು ಮುಗಿದ ಕೂಡಲೇ, ಮಳೆ ಜೋರಾಗುವ ಮೊದಲು ಸವರಿ. ಬುಡದಲ್ಲಿ ಮೂರ್ನಾಲ್ಕು ಗಟ್ಟಿ ಕಾಂಡ ಇಟ್ಟು, ನೆಲದಿಂದ ಒಂದೂವರೆ ಅಡಿಯವರೆಗಿನ ರೆಂಬೆ ತೆಗೆಯಿರಿ. ಹಾಗಿದ್ದರೆ ಕಳೆ ಕೀಳಲು ಕೈ ಹೋಗುತ್ತದೆ. ಕಡಿದ ಮುಳ್ಳನ್ನು ಅಂಗಳದಲ್ಲಿ ಬಿಡಬೇಡಿ, ಬೇರೆ ಸಸಿಗಳ ಸುತ್ತ ಒಡ್ಡಿದರೆ ಆಡು, ದನ ಬರುವುದಿಲ್ಲ.

ಮೂರನೇ ವರ್ಷದ ಹೊತ್ತಿಗೆ ಕಾಯಿ ಶುರುವಾಗುತ್ತದೆ. ಉಪ್ಪಿನಕಾಯಿಗೆ ಏಪ್ರಿಲ್‌ನ ಹಸಿರು ಎಳೆಗಾಯಿ ಬೇಕು. ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಇಲ್ಲದಿದ್ದರೆ ಸೊನೆ ಅಂಟುತ್ತದೆ. ಉಪ್ಪು ನೀರಲ್ಲಿ ತೊಳೆದು, ಒರೆಸಿ, ಆಮೇಲೆ ಉಪ್ಪು ಬೆರೆಸಿ ಭರಣಿಗೆ ಹಾಕಿ. ಹಾಗೇ ತಿನ್ನಲು ಪೂರ್ತಿ ಕಪ್ಪಾದದ್ದೇ ಆಗಬೇಕು, ಕೆಂಪಿರುವಾಗ ಹುಳಿ ಹಲ್ಲು ಜುಮ್ಮೆನ್ನಿಸುತ್ತದೆ. ಆದರೆ ಜೆಲ್ಲಿಗೆ ಆ ಕೆಂಪು ಕಾಯಿಯೇ ಒಳ್ಳೆಯದು. ಅದರಲ್ಲಿ ರಸವನ್ನು ಗಟ್ಟಿಯಾಗಿಸುವ ಪೆಕ್ಟಿನ್ ಜಾಸ್ತಿ, ಬೇಯಿಸಿ ಸೋಸಿದ ರಸಕ್ಕೆ ಸಕ್ಕರೆ ಹಾಕಿ ಕುದಿಸಿದರೆ ಬೇರೇನೂ ಸೇರಿಸದೆ ಗಟ್ಟಿಯಾಗುತ್ತದೆ.